ಸೇದದ ಬಾವಿ

2021ರ ಏಪ್ರಿಲ್‌ನಲ್ಲಿ ಕೋವಿಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಳ್ಳೋಕೆ ನಾನು ಹೋಗಿದ್ದು ಆಸ್ಪತ್ರೆಗಲ್ಲ, ಜಾತ್ರೆ ಮೈದಾನಕ್ಕೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಊರಿನ ಟಲಿ ರೋಡ್‌ನಲ್ಲಿರೋ ಸ್ಯಾಂಟಾ ಕ್ಲಾರಾ ಕೌಂಟಿ ಫೇರ್‌ಗ್ರೌಂಡ್ಸ್ ಅದು. ಹಿಂದೆ ಸಾಲಿನಲ್ಲಿ ಯಾರೋ "ಎರಡನೇ ಡೋಸ್‌ಗೆ ಜ್ವರ ಬರುತ್ತಂತೆ ಕಣ್ರೀ" ಅಂತ ಅಚ್ಚ ಮೈಸೂರು ಕನ್ನಡದಲ್ಲಿ ಮಾತಾಡ್ತಾ ಇದ್ರು. ಬೇ ಏರಿಯಾದಲ್ಲಿ ಇದೇನೂ ಆಶ್ಚರ್ಯ ಅಲ್ಲ, ಯಾವ ಸಾಲಿನಲ್ಲಿ ನಿಂತರೂ ಒಬ್ಬರಾದ್ರೂ ನಮ್ಮೋರು ಸಿಗ್ತಾರೆ. ನನಗೆ ಆಶ್ಚರ್ಯ ಆಗಿದ್ದು ಆ ಜಾಗದ ಬಗ್ಗೆ. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟೊಂದು ಕಂಪನಿಗಳ ಕ್ಯಾಂಪಸ್‌ಗಳ ನಡುವೆ, ಸಾವಿರಾರು ಜನರನ್ನು ಒಟ್ಟಿಗೆ ಕರೆಯಬೇಕು ಅಂದಾಗ ಕೌಂಟಿಗೆ ನೆನಪಾಗಿದ್ದು ಹಸು-ಕುದುರೆ ಪ್ರದರ್ಶನ ನಡೆಯೋ ಹಳೇ ಮೈದಾನ.

ಕೌಂಟಿ ಫೇರ್ ನೋಡಿಲ್ಲದವರಿಗೆ ಒಂದು ಮಾತು. ನಮ್ಮ ದನಗಳ ಜಾತ್ರೆ ಮತ್ತು ಕೃಷಿ ಮೇಳವನ್ನು ಒಂದಕ್ಕೊಂದು ಸೇರಿಸಿ, ಮೇಲೆ ದಸರಾ ವಸ್ತುಪ್ರದರ್ಶನದ ಜಾಯಿಂಟ್ ವೀಲ್ ಇಟ್ಟರೆ ಹೆಚ್ಚುಕಡಿಮೆ ಅದೇ. ಹಳ್ಳಿ ಮಕ್ಕಳು ಸಾಕಿದ ಮೇಕೆ, ಹಂದಿ, ಕರುಗಳ ಪ್ರದರ್ಶನ, ಜಾಮ್ ಮಾಡೋ ಸ್ಪರ್ಧೆ, ಹಾಡು, ಬಿಯರು, ಬೇಯಿಸಿದ ಜೋಳ. ವರ್ಷದಲ್ಲಿ ಒಂದೆರಡು ವಾರ ಇದು. ಉಳಿದ ದಿನಗಳಲ್ಲಿ ಮದುವೆ, ಹಳೇ ಕಾರುಗಳ ಮೇಳ, ಬಾಡಿಗೆಗೆ ಹಾಲ್. ಕ್ಯಾಲಿಫೋರ್ನಿಯಾದಲ್ಲಿ ಇಂಥ ಮೇಳಗಳು ಎಪ್ಪತ್ತಕ್ಕೂ ಹೆಚ್ಚಿವೆ. ಬಹುಪಾಲು ಮೇಳಗಳನ್ನು ನಡೆಸೋದು ಜಿಲ್ಲಾ ಕೃಷಿ ಸಂಘಗಳು. ಹೆಸರಿಗೆ ಸಂಘ, ನಿಜದಲ್ಲಿ ರಾಜ್ಯ ಸರ್ಕಾರದ ಸಂಸ್ಥೆ. ಅದರ ಆಡಳಿತ ಮಂಡಳಿಯನ್ನು ನೇಮಿಸೋದು ರಾಜ್ಯಪಾಲರು, ಅಂದ್ರೆ ಇಲ್ಲಿನ ಗವರ್ನರ್. ಮೇಲ್ವಿಚಾರಣೆ ರಾಜ್ಯದ ಆಹಾರ ಮತ್ತು ಕೃಷಿ ಇಲಾಖೆಯದ್ದು.

ಕಾಳ್ಗಿಚ್ಚು ಬಂದಾಗ ಈ ಮೈದಾನಗಳ ಬೆಲೆ ಗೊತ್ತಾಗುತ್ತೆ. ದೊಡ್ಡ ಹಾಲ್ ಇದೆ, ಅಡುಗೆಮನೆ ಇದೆ, ಶೌಚಾಲಯ, ಸ್ನಾನದ ಮನೆ ಇದೆ. ಸಾವಿರ ಕಾರು ನಿಲ್ಲಿಸೋ ಜಾಗ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕುದುರೆ, ಹಸು, ಮೇಕೆ ಕಟ್ಟೋಕೆ ಕೊಟ್ಟಿಗೆ ಇದೆ. ಪ್ರಾಣಿಗಳನ್ನು ಬಿಟ್ಟು ಬರಲ್ಲ ಅಂತ ಹಟ ಹಿಡಿಯೋ ಜನ ಎಲ್ಲಾ ದೇಶದಲ್ಲೂ ಇದ್ದಾರೆ. ಅವುಗಳಿಗೂ ಜಾಗ ಇದೆ ಅಂದಾಗ ಮಾತ್ರ ಅವರು ಮನೆ ಬಿಟ್ಟು ಹೊರಡ್ತಾರೆ. 2017ರಲ್ಲಿ ಸಾಂಟಾ ರೋಸಾ ಸುತ್ತ ಬೆಂಕಿ ಬಿದ್ದಾಗ ಸೋನೋಮಾ ಕೌಂಟಿಯ ಮೈದಾನ ಆಶ್ರಯವಾಯ್ತು. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್ ಸುತ್ತ ಉರಿದಾಗ ಪೊಮೋನಾದ ಫೇರ್‌ಪ್ಲೆಕ್ಸ್ ಬಾಗಿಲು ತೆಗೆಯಿತು. ನಮ್ಮಲ್ಲಿ ಗಂಜಿ ಕೇಂದ್ರ ಅಂತಿದ್ದದ್ದನ್ನು ಈಗ ಕಾಳಜಿ ಕೇಂದ್ರ ಅಂತಾರಲ್ಲ, ಇಲ್ಲಿ ಆ ಕೆಲಸಕ್ಕೆ ಮೊದಲು ನೆನಪಾಗೋ ಜಾಗಗಳಲ್ಲಿ ಇವೂ ಸೇರಿವೆ.

ಈ ಮೈದಾನಗಳಿಗೆ ಸರ್ಕಾರದ ದುಡ್ಡಿನಲ್ಲಿ ಒಳ್ಳೇ ಬ್ರಾಡ್‌ಬ್ಯಾಂಡ್ ಹಾಕಿಸಬೇಕು ಅನ್ನೋ ಮಾತು ಕೆಲವು ವರ್ಷಗಳಿಂದ ಇದೆ. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 1,000 ಕೋಟಿ ಡಾಲರ್‌ಗಳ ಹವಾಮಾನ ಬಾಂಡ್‌ನಲ್ಲಿ ಇದಕ್ಕೂ ಒಂದು ಸಣ್ಣ ಪಾಲು ಸೇರಿದೆ. ಮೇಳದ ಮೈದಾನಗಳನ್ನು ತುರ್ತು ಆಶ್ರಯಕ್ಕೆ ತಕ್ಕಂತೆ ಸುಧಾರಿಸಬಹುದು, ಅಲ್ಲಿ ಸಂಪರ್ಕ ಮತ್ತು ಬ್ರಾಡ್‌ಬ್ಯಾಂಡ್ ಸೌಕರ್ಯ ಹಾಕಬಹುದು ಅಂತ ಅದು ಹೇಳುತ್ತೆ. ದುಡ್ಡು ಕೊಡಬೇಕಾ ಬೇಡ್ವಾ ಅನ್ನೋದು ನನ್ನ ಪ್ರಶ್ನೆಯಲ್ಲ. ಕೊಡಲೇಬೇಕು. ನನ್ನ ತಕರಾರು ಇರೋದು ಕೊಡುವ ರೀತಿಯ ಬಗ್ಗೆ.

ಮೊದಲು, ಯಾಕೆ ಕೊಡಲೇಬೇಕು ಅಂತ ನೋಡೋಣ.

2018ರ ನವೆಂಬರ್ 8ರ ಬೆಳಿಗ್ಗೆ ಉತ್ತರ ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯಲ್ಲಿ ಕ್ಯಾಂಪ್ ಫೈರ್ ಶುರುವಾಯ್ತು. ಸುಮಾರು 26 ಸಾವಿರ ಜನರಿದ್ದ ಪ್ಯಾರಡೈಸ್ ಅನ್ನೋ ಊರು ಒಂದೇ ದಿನದಲ್ಲಿ ಬಹುಪಾಲು ಸುಟ್ಟುಹೋಯ್ತು. ಸತ್ತವರು 85 ಜನ. ಒಟ್ಟು 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ಗ್ರಿಡ್ಲಿಯ ಬ್ಯೂಟ್ ಕೌಂಟಿ ಮೈದಾನ, ಚಿಕೋ ಊರಿನ ಸಿಲ್ವರ್ ಡಾಲರ್ ಮೈದಾನ ಎರಡೂ ಬಳಕೆಗೆ ಬಂದವು. ಅಲ್ಲೂ ಜಾಗ ಸಾಲದೆ ಚಿಕೋದ ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಜನ ಡೇರೆ ಹಾಕಿಕೊಂಡರು.

ಆ ದಿನಗಳ ಒಂದು ಸಂಖ್ಯೆ ನನ್ನ ತಲೆಯಿಂದ ಹೋಗಿಲ್ಲ. ಒಂದು ಹಂತದಲ್ಲಿ ಕೌಂಟಿ ಶೆರಿಫ್ ಕಚೇರಿಯ ಕಾಣೆಯಾದವರ ಪಟ್ಟಿಯಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ಕೊನೆಗೆ ಸತ್ತವರು 85. ಮಧ್ಯದ ಆ ದೊಡ್ಡ ವ್ಯತ್ಯಾಸ ಎಲ್ಲಿಂದ ಬಂತು? ಕೆಲವು ಹೆಸರುಗಳು ಎರಡೆರಡು ಸಲ ಬರೆದವು, ಕೆಲವು ಕಾಗುಣಿತ ತಪ್ಪು. ಆದರೆ ತುಂಬಾ ಜನ ಬದುಕಿದ್ದವರು. ತಮ್ಮನ್ನು ಯಾರೋ ಹುಡುಕ್ತಾ ಇದ್ದಾರೆ ಅಂತ ಅವರಿಗೇ ಗೊತ್ತಿರಲಿಲ್ಲ. ಪಟ್ಟಿ ಆನ್‌ಲೈನ್‌ನಲ್ಲಿತ್ತು. ನಿಮ್ಮ ಹೆಸರು ಇದೆಯಾ ನೋಡಿ, ಇದ್ದರೆ ಫೋನ್ ಮಾಡಿ ಅಂತ ಶೆರಿಫ್ ಕೇಳ್ತಾ ಇದ್ದರು. ಒಬ್ಬ ಮಗಳು ಎಲ್ಲೋ ದೂರದ ರಾಜ್ಯದಲ್ಲಿ ಕೂತು ಅಪ್ಪನ ಹೆಸರನ್ನು ಪಟ್ಟಿಗೆ ಸೇರಿಸಿರ್ತಾಳೆ, ಅಪ್ಪ ಮಂಚದ ಮೇಲೆ ಕೂತು ಸೂಪ್ ಕುಡೀತಾ ಇರ್ತಾನೆ. ಇಬ್ಬರ ನಡುವೆ ಒಂದು ಪುಟ ಲೋಡ್ ಆಗಬೇಕಿತ್ತು ಅಷ್ಟೇ.

ಬೆಂಕಿಯಿಂದ ತಪ್ಪಿಸಿಕೊಂಡವರಿಗೆ ಮೊದಲ ರಾತ್ರಿ ಬೇಕಾಗೋದು ಹೊದಿಕೆ. ಎರಡನೇ ದಿನದಿಂದ ಬೇಕಾಗೋದು ಬಹುಪಾಲು ಇಂಟರ್ನೆಟ್ ಮೂಲಕವೇ ಬರೋದು. ಫೆಮಾ ಸಹಾಯಧನಕ್ಕೆ ಅರ್ಜಿ ಹಾಕೋಕೆ ಸಾಮಾನ್ಯವಾಗಿ 60 ದಿನಗಳ ಗಡುವು ಇರುತ್ತೆ. ಫೋನಿನಲ್ಲೂ ಹಾಕಬಹುದು, ಅವರ ಕೇಂದ್ರಕ್ಕೂ ಹೋಗಬಹುದು, ಆದರೆ ಸುಲಭದ ದಾರಿ ವೆಬ್‌ಸೈಟೇ. ವಿಮೆ ಕಂಪನಿಗೆ ಫೋಟೋ ಕಳಿಸಬೇಕು. ಬಿಪಿ ಮಾತ್ರೆಯ ಪ್ರಿಸ್ಕ್ರಿಪ್ಷನ್ ಬೇರೆ ಊರಿನ ಔಷಧಿ ಅಂಗಡಿಗೆ ವರ್ಗಾಯಿಸಬೇಕು. ಆಫೀಸಿಗೆ ಮೇಲ್ ಮಾಡಬೇಕು. ಮನೆ ಇರೋ ಬೀದಿ ಉಳಿದಿದೆಯಾ ಅಂತ ನಕ್ಷೆ ನೋಡಬೇಕು. ಚಿಕೋದ ಮೈದಾನದಲ್ಲಿ ಜನ ಇದ್ದಿದ್ದು ಒಂದೆರಡು ದಿನವಲ್ಲ, ವಾರಗಟ್ಟಲೆ.

"ಅದಕ್ಕೆ ಮೊಬೈಲ್ ಇದೆಯಲ್ಲ, ಬ್ರಾಡ್‌ಬ್ಯಾಂಡ್ ಯಾಕೆ?" ಇದು ನನ್ನ ಸಹೋದ್ಯೋಗಿಗಳೇ ಕೇಳೋ ಪ್ರಶ್ನೆ. ನ್ಯಾಯವಾದ ಪ್ರಶ್ನೆ, ಉತ್ತರವೂ ಇದೆ. ಸಣ್ಣ ಊರಿನ ಟವರ್ ಅನ್ನು ಆ ಊರಿನ ದಿನನಿತ್ಯದ ಲೆಕ್ಕಕ್ಕೆ ಹಾಕಿರ್ತಾರೆ. ಅಲ್ಲಿಗೆ ಒಂದೇ ರಾತ್ರಿ ಸಾವಿರಾರು ಫೋನು ಬಂದರೆ ಸಿಗ್ನಲ್ ಕಡ್ಡಿ ತುಂಬಾ ಇರುತ್ತೆ, ಪುಟ ಮಾತ್ರ ತೆರೆಯಲ್ಲ. ಇನ್ನೊಂದು, ಕರೆಂಟ್. 2019ರ ಅಕ್ಟೋಬರ್‌ನಲ್ಲಿ ಬೆಂಕಿ ತಡೆಯೋಕೆ ಅಂತಲೇ ವಿದ್ಯುತ್ ಕಂಪನಿಗಳು ಲೈನ್ ಆಫ್ ಮಾಡಿದಾಗ, ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಶ್ರೀಮಂತ ಮರಿನ್ ಕೌಂಟಿಯಲ್ಲೇ ಅರ್ಧಕ್ಕಿಂತ ಹೆಚ್ಚು ಟವರ್‌ಗಳು ಸತ್ತುಹೋದವು. ಅದಾದ ಮೇಲೆ, 2020ರ ಜುಲೈನಲ್ಲಿ, ಬೆಂಕಿ ಅಪಾಯ ಹೆಚ್ಚಿರೋ ಪ್ರದೇಶಗಳ ಟವರ್‌ಗಳಿಗೆ 72 ಗಂಟೆ ಬ್ಯಾಕಪ್ ಇರಲೇಬೇಕು ಅಂತ ರಾಜ್ಯದ ನಿಯಂತ್ರಣ ಆಯೋಗ ಆದೇಶ ಮಾಡಿತು. ಒಳ್ಳೆಯದು. ಆದರೆ 72 ಗಂಟೆ ಅಂದ್ರೆ ಮೂರು ದಿನ.

"ಟ್ರಕ್ ಮೇಲಿನ ಟವರ್ ತರ್ತಾರೆ, ಸ್ಯಾಟಲೈಟ್ ಡಿಶ್ ಇಡ್ತಾರೆ." ಹೌದು, ತರ್ತಾರೆ. ಮೊದಲ ಎರಡು ದಿನಕ್ಕೆ ಅವು ಬೇಕೇ ಬೇಕು. ಆದರೆ ಆ ಟ್ರಕ್ ಎಲ್ಲಿಗೆ ಮೊದಲು ಹೋಗಬೇಕು ಅನ್ನೋದು ಯಾರೋ ತೀರ್ಮಾನ ಮಾಡೋದು. ಅದೂ ಯಾರ ಕೆಲಸಕ್ಕೆ ಅನ್ನೋ ಪ್ರಶ್ನೆ ಇದೆ. ಅಮೆರಿಕ 2012ರಲ್ಲಿ ಕಾನೂನು ಮಾಡಿ ಫಸ್ಟ್‌ನೆಟ್ ಅನ್ನೋ ಪ್ರತ್ಯೇಕ ಜಾಲಕ್ಕೆ ದಾರಿ ಮಾಡಿತು. 2017ರಲ್ಲಿ ಎಟಿ ಆಂಡ್ ಟಿ ಜೊತೆ 25 ವರ್ಷದ ಒಪ್ಪಂದ, ಸರ್ಕಾರದ ಕಡೆಯಿಂದ 650 ಕೋಟಿ ಡಾಲರ್. ಅದು ಪೊಲೀಸರಿಗೆ, ಅಗ್ನಿಶಾಮಕ ದಳಕ್ಕೆ, ಆಂಬ್ಯುಲೆನ್ಸ್‌ಗೆ. ಸರಿಯಾದ ಕೆಲಸವೇ. ಆದರೆ ಹಾಲ್‌ನಲ್ಲಿ ಮಂಚದ ಮೇಲೆ ಕೂತಿರೋ ಅಜ್ಜಿ ಆ ಜಾಲದಲ್ಲಿ ಇಲ್ಲ. ರಕ್ಷಿಸೋರಿಗೆ ಒಂದು ದಾರಿ ಮಾಡಿದ ಸರ್ಕಾರ, ರಕ್ಷಣೆ ಆದವರನ್ನು ಅವರವರ ಡೇಟಾ ಪ್ಯಾಕ್‌ಗೆ ಬಿಟ್ಟಿದೆ.

ಡೇಟಾ ಪ್ಯಾಕ್ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಕೋರ್ಟ್ ದಾಖಲೆಯೇ ಇದೆ. 2018ರ ಬೇಸಿಗೆಯಲ್ಲಿ ಮೆಂಡೊಸಿನೋ ಕಾಂಪ್ಲೆಕ್ಸ್ ಬೆಂಕಿಗೆ ಹೋಗಿದ್ದ ಸ್ಯಾಂಟಾ ಕ್ಲಾರಾ ಕೌಂಟಿ ಅಗ್ನಿಶಾಮಕ ದಳದ ಸಂಪರ್ಕ ವಾಹನದ ಡೇಟಾ ವೇಗವನ್ನು ವೆರೈಝನ್ ಕಂಪನಿ ಇಳಿಸಿಬಿಟ್ಟಿತು. ತಿಂಗಳ ಮಿತಿ ಮುಗಿದಿತ್ತು ಅಂತ. ವೇಗ ಮೊದಲಿನ ಇನ್ನೂರರಲ್ಲಿ ಒಂದು ಪಾಲಾಯ್ತು ಅಂತ ದಳದ ಮುಖ್ಯಸ್ಥರು ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿದೆ. ತೆಗೆದು ಸರಿಮಾಡಿ ಅಂದರೆ ಮೇಲಿನ ಪ್ಲಾನ್ ತಗೊಳ್ಳಿ ಅನ್ನೋ ಉತ್ತರ ಬಂತು. ಅದು ಗ್ರಾಹಕ ಸೇವೆಯಲ್ಲಾದ ತಪ್ಪು ಅಂತ ಕಂಪನಿ ಆಮೇಲೆ ಒಪ್ಪಿಕೊಂಡಿತು. ಬೆಂಕಿ ಆರಿಸೋ ದಳಕ್ಕೇ ಹೀಗಾದರೆ, ಮನೆ ಕಳಕೊಂಡವನು ಕಸ್ಟಮರ್ ಕೇರ್ ಜೊತೆ ಏನು ಮಾತಾಡಿಯಾನು?

ಹಾಗಾಗಿ ನೆಲದೊಳಗಿನ ಫೈಬರ್ ಬೇಕು, ಅದರ ಹಿಂದೆ ಜನರೇಟರ್ ಬೇಕು, ಹಾಲ್‌ಗೂ ಕೊಟ್ಟಿಗೆಗೂ ಪಾರ್ಕಿಂಗ್‌ಗೂ ವೈಫೈ ಬೇಕು. ಇದರಲ್ಲಿ ನನಗೆ ಅನುಮಾನ ಇಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ.

ಬಾಂಡ್ ದುಡ್ಡು ಅಂದ್ರೆ ಸಾಲದ ದುಡ್ಡು. ದಶಕಗಳ ಕಾಲ ತೀರಿಸೋ ಸಾಲದಿಂದ ತಿಂಗಳ ಬಿಲ್ ಕಟ್ಟೋ ಹಾಗಿಲ್ಲ, ಕಟ್ಟಲೂಬಾರದು. ಅದು ಕಟ್ಟಡಕ್ಕೆ, ಯಂತ್ರಕ್ಕೆ, ಕೇಬಲ್‌ಗೆ. ಸರಿ, ಕೇಬಲ್ ಬಂತು. ರಿಬ್ಬನ್ ಕಟ್ ಆಯ್ತು. ಆಮೇಲೆ? ಪ್ರತಿ ತಿಂಗಳು ಬರೋ ಬಿಲ್ ಯಾರು ಕಟ್ಟೋದು? ಐದಾರು ವರ್ಷಕ್ಕೆ ಹಳೆಯದಾಗೋ ವೈಫೈ ಪೆಟ್ಟಿಗೆ ಯಾರು ಬದಲಾಯಿಸೋದು? ಯುಪಿಎಸ್ ಬ್ಯಾಟರಿ ಸತ್ತಿದೆಯಾ ಅಂತ ನೋಡೋರು ಯಾರು? ಪಾಸ್‌ವರ್ಡ್ ಗೊತ್ತಿದ್ದ ಮನುಷ್ಯ ಕೆಲಸ ಬಿಟ್ಟು ಹೋದಮೇಲೆ ಏನು ಕತೆ?

"ಮೇಳದವರು ಕಟ್ಟಿಕೊಳ್ಳಲಿ" ಅನ್ನೋ ಮುಂಚೆ ಮೇಳದವರ ಜೇಬು ನೋಡಬೇಕು. 1933ರಲ್ಲಿ ಕ್ಯಾಲಿಫೋರ್ನಿಯಾ ಕುದುರೆ ಜೂಜನ್ನು ಕಾನೂನುಬದ್ಧ ಮಾಡಿದಾಗ ಅದರ ಶುಲ್ಕದ ಒಂದು ಪಾಲು ಈ ಮೇಳಗಳಿಗೆ ಬರೋಕೆ ಶುರುವಾಯ್ತು. ದಶಕಗಳ ಕಾಲ ಕುದುರೆಗಳು ಓಡಿ ಮೇಕೆಗಳನ್ನು ಸಾಕಿದವು. ಜೂಜಿನ ಆದಾಯ ಇಳಿದ ಮೇಲೆ ಸರ್ಕಾರ ತನ್ನ ಬೊಕ್ಕಸದಿಂದ ವರ್ಷಕ್ಕೆ 3.2 ಕೋಟಿ ಡಾಲರ್ ಕೊಡ್ತಿತ್ತು. 2011ರ ಬಜೆಟ್ ಬಿಕ್ಕಟ್ಟಿನಲ್ಲಿ ಅದನ್ನೂ ನಿಲ್ಲಿಸಿತು. 2017ರಲ್ಲಿ ಎಬಿ 1499 ಅನ್ನೋ ಕಾನೂನು ಬಂದು, ಮೈದಾನದೊಳಗೆ ನಡೆಯೋ ಮಾರಾಟದ ಮೊತ್ತದ ಶೇ. 0.75ರಷ್ಟನ್ನು ಮೇಳಗಳ ನಿಧಿಗೆ ಕೊಡೋ ವ್ಯವಸ್ಥೆ ಆಯ್ತು. ಉಳಿದಿದ್ದು ಟಿಕೆಟ್, ಪಾರ್ಕಿಂಗ್, ಬಿಯರು, ಹಾಲ್ ಬಾಡಿಗೆ.

ಇಲ್ಲೊಂದು ವಿಚಿತ್ರ ನೋಡಿ. ರಾಜ್ಯ ದುಡ್ಡು ನಿಲ್ಲಿಸಿದ ದಶಕದಲ್ಲೇ ಬೆಂಕಿ ಹೆಚ್ಚಾಯ್ತು, ಮೈದಾನಗಳ ಮೇಲೆ ಅದರ ಅವಲಂಬನೆಯೂ ಹೆಚ್ಚಾಯ್ತು. ಆಶ್ರಯ ಕೇಂದ್ರ ಆದ ದಿನಗಳಲ್ಲಿ ಮದುವೆ, ಪ್ರದರ್ಶನ ಎಲ್ಲಾ ರದ್ದು. ಅಂದ್ರೆ ಅತಿ ಹೆಚ್ಚು ಕೆಲಸ ಮಾಡೋ ವಾರದಲ್ಲೇ ದುಡಿಮೆ ಇಲ್ಲ. 2020ರಲ್ಲಂತೂ ಕೋವಿಡ್‌ನಿಂದ ಹೆಚ್ಚುಕಮ್ಮಿ ಎಲ್ಲಾ ಮೇಳಗಳೂ ನಿಂತವು, ಎಷ್ಟೋ ಕಡೆ ನೌಕರರನ್ನು ತೆಗೆಯೋ ಪರಿಸ್ಥಿತಿ ಬಂತು. ಕಾಡಂಚಿನ ಸಣ್ಣ ಊರಿನ ಮೇಳ, ಅಂದ್ರೆ ಬೆಂಕಿಗೆ ಹತ್ತಿರದ್ದು, ಆದಾಯದಲ್ಲಿ ಹಿಂದೆ. ನಾವು ಫೈಬರ್ ಬಿಲ್ ಕೊಡ್ತಿರೋದು ಅವರ ಕೈಗೆ.

ನಮ್ಮಲ್ಲಿ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನೋ ಗಾದೆ ಇದೆ. ಬಾಂಡ್ ಪರ ಮಾತಾಡೋರ ವಾದ ಇದೇ: ಬೆಂಕಿ ಬೀಳೋ ಮುಂಚೆ ಬಾವಿ ತೋಡೋಣ. ನೂರಕ್ಕೆ ನೂರು ಸರಿ. ಆದರೆ ಬಾವಿ ಕಂಡ ಮನೆಯವರಿಗೆ ಇನ್ನೊಂದು ವಿಷಯ ಗೊತ್ತು. ದಿನಾ ನೀರು ಸೇದದ ಬಾವಿ ಹೂಳು ತುಂಬುತ್ತೆ. ಹಗ್ಗ ಕೊಳೆಯುತ್ತೆ, ರಾಟೆ ತುಕ್ಕು ಹಿಡಿಯುತ್ತೆ. ಬೆಂಕಿ ಬಿದ್ದ ದಿನ ಬಾವಿ ಇರುತ್ತೆ, ನೀರು ಮೇಲೆ ಬರಲ್ಲ.

ಐಟಿಯಲ್ಲಿರೋರಿಗೆ ಇದನ್ನು ಬೇರೆ ರೀತಿ ಹೇಳಬೇಕಿಲ್ಲ. ಎಲ್ಲಾ ಕಂಪನಿಗೂ ಡಿಆರ್ ಸೈಟ್ ಇರುತ್ತೆ, ಅದರ ಮೇಲೆ ಹಸಿರು ಟಿಕ್ ಇರುತ್ತೆ. ಡ್ರಿಲ್ ಮಾಡದ ಫೇಲ್‌ಓವರ್ ಬೇಕಾದ ರಾತ್ರಿ ಏನಾಗುತ್ತೆ ಅಂತ, ಬೆಳಗಿನ ಜಾವ ಮೂರು ಗಂಟೆಗೆ ಬ್ರಿಡ್ಜ್ ಕಾಲ್‌ನಲ್ಲಿ ಕೂತವರನ್ನು ಕೇಳಿ. ಸರ್ಟಿಫಿಕೇಟ್ ಅವಧಿ ಮುಗಿದಿರುತ್ತೆ, ಇಲ್ಲಾಂದ್ರೆ ಅಲ್ಲಿನ ಕಾನ್ಫಿಗರೇಷನ್ ಎರಡು ವರ್ಷ ಹಳೇದಿರುತ್ತೆ.

ಮೇಳದ ಮೈದಾನಕ್ಕೆ ಡ್ರಿಲ್ ಬೇರೆ ಹುಡುಕೋದೇ ಬೇಡ. ಮೇಳವೇ ಡ್ರಿಲ್. ಶನಿವಾರ ಸಂಜೆ ಸಾವಿರಾರು ಜನ, ಎಲ್ಲರ ಕೈಯಲ್ಲೂ ಫೋನು, ಗೇಟಿನಲ್ಲಿ ಕ್ಯೂಆರ್ ಟಿಕೆಟ್, ಪ್ರತಿ ಅಂಗಡಿಯಲ್ಲೂ ಕಾರ್ಡ್ ಮಷೀನ್, ಮಕ್ಕಳು ವಿಡಿಯೋ ಹಾಕ್ತಾ ಇರ್ತಾರೆ. ಇಂಥ ಲೋಡ್ ಟೆಸ್ಟ್ ದುಡ್ಡು ಕೊಟ್ಟರೂ ಸಿಗಲ್ಲ. ಆ ಸಂಜೆ ತಡೆದುಕೊಂಡ ಜಾಲ ಬೆಂಕಿಯ ವಾರವನ್ನೂ ಬಹುಶಃ ತಡೆದುಕೊಳ್ಳುತ್ತೆ. ಆ ಸಂಜೆ ಬಿದ್ದುಹೋದರೆ ಎಲ್ಲಿ ಬಿತ್ತು ಅಂತ ಮುಂಚೆಯೇ ಗೊತ್ತಾಗುತ್ತೆ, ಯಾರ ಪ್ರಾಣವೂ ಹೋಗದೆ.

ಅದಕ್ಕೇ ನನಗೆ "ತುರ್ತು ಪರಿಸ್ಥಿತಿಗಾಗಿ ಬ್ರಾಡ್‌ಬ್ಯಾಂಡ್" ಅನ್ನೋ ಪದಪುಂಜದ ಮೇಲೇ ಅಸಮಾಧಾನ. ಅದು ಮತ ತರುತ್ತೆ, ಒಪ್ತೀನಿ. ಆ ಬಾಂಡ್‌ಗೆ ಹತ್ತತ್ತಿರ ಶೇ. 60 ಮತ ಬಂತು. "ಮೇಳದ ಮೈದಾನದ ತಿಂಗಳ ಇಂಟರ್ನೆಟ್ ಬಿಲ್" ಅಂತ ಮತಪತ್ರದಲ್ಲಿ ಬರೆದರೆ ಎಷ್ಟು ಬರ್ತಿತ್ತೋ ದೇವರಿಗೇ ಗೊತ್ತು. ಆದರೆ ಆ ಪದ ಒಂದು ತಪ್ಪು ಚಿತ್ರ ಕೊಡುತ್ತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಅಗ್ನಿಶಾಮಕದ ಥರ, ಬೇಕಾದಾಗ ಒಡೆದು ತೆಗೆಯೋದು ಅನ್ನೋ ಥರ. ನೆಟ್‌ವರ್ಕ್ ಹಾಗಲ್ಲ. ದಿನಾ ಬಳಸೋರು ಇದ್ದರೆ ಮಾತ್ರ ಅದು ಹಾಳಾದ ದಿನ ಯಾರಾದರೂ ಬೈತಾರೆ, ಬೈದರೆ ಮಾತ್ರ ರಿಪೇರಿ ಆಗುತ್ತೆ.

"ಹಾಗಾದ್ರೆ ಮೇಕೆ ಶೋಗೆ ವೈಫೈ ಕೊಡೋಕೆ ನಾನು ತೆರಿಗೆ ಕಟ್ಟಬೇಕಾ?" ಇದು ಎರಡನೇ ಪ್ರಶ್ನೆ. ಹೌದು, ಕಟ್ಟಬೇಕು. ಮೇಕೆ ಶೋ ಆ ಜಾಲವನ್ನು ಜೀವಂತ ಇಡೋ ಅಗ್ಗದ ದಾರಿ. ಅದರ ಜೊತೆಗೆ ಸುತ್ತಲಿನ ಊರಿನ ಮಕ್ಕಳು ಬಂದು ಕೂತು ಹೋಮ್‌ವರ್ಕ್ ಮಾಡಲಿ. ರೈತರು ಜಾನುವಾರು ಹರಾಜು ಆನ್‌ಲೈನ್‌ನಲ್ಲಿ ನಡೆಸಲಿ. ಹಾಲ್ ಬಾಡಿಗೆ ತಗೊಳ್ಳೋರು ಅದಕ್ಕೂ ಸೇರಿಸಿ ದುಡ್ಡು ಕೊಡಲಿ. ಪುಕ್ಕಟೆ ದುಡ್ಡು ಯಾವತ್ತೂ ಸೋರುತ್ತೆ ಅನ್ನೋ ಭಯ ನನಗೂ ಇದೆ. ಅದಕ್ಕೆ ಮದ್ದು ಲೆಕ್ಕ ಕೇಳೋದು, ಕೊಡದೇ ಇರೋದಲ್ಲ.

ತಿಂಗಳ ಬಿಲ್‌ಗೆ ಸರ್ಕಾರ ದುಡ್ಡು ಕೊಡೋದು ಹೊಸದೇನೂ ಅಲ್ಲ. 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆಯಿಂದ ಹುಟ್ಟಿದ ಇ-ರೇಟ್ ಯೋಜನೆ ಅಮೆರಿಕದ ಶಾಲೆಗಳ, ಗ್ರಂಥಾಲಯಗಳ ಇಂಟರ್ನೆಟ್ ವೆಚ್ಚದಲ್ಲಿ ಶೇ. 20ರಿಂದ 90ರವರೆಗೆ ಭರಿಸುತ್ತೆ. ಊರು ಬಡವಾದಷ್ಟೂ, ದೂರವಾದಷ್ಟೂ ಹೆಚ್ಚು. ವರ್ಷ ವರ್ಷವೂ. ಇವತ್ತು ಅಮೆರಿಕದ ಹಳ್ಳಿ ಶಾಲೆಗಳಲ್ಲಿ ಒಳ್ಳೇ ಇಂಟರ್ನೆಟ್ ಇರೋದಕ್ಕೆ ಕೇಬಲ್ ಹಾಕಿದ್ದರಷ್ಟೇ ಈ ಬಿಲ್ ಕಟ್ಟಿದ್ದೂ ಕಾರಣ. ಆ ಯೋಜನೆಯಲ್ಲಿ ಮೇಳದ ಮೈದಾನಕ್ಕೆ ಜಾಗವಿಲ್ಲ, ಯಾಕಂದ್ರೆ ಅದು ಶಾಲೆಯೂ ಅಲ್ಲ, ಗ್ರಂಥಾಲಯವೂ ಅಲ್ಲ.

"ಶಾಲೆಯಲ್ಲಿ ಇಂಟರ್ನೆಟ್ ಇದೆಯಲ್ಲ, ಜನರನ್ನು ಅಲ್ಲೇ ಇರಿಸಿ" ಅಂತ ಯಾರಾದರೂ ಹೇಳಬಹುದು. ಈ ವಾದಕ್ಕೆ ಬಲ ಇದೆ, ನಾನೂ ಸ್ವಲ್ಪ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಶಾಲೆ ಮತ್ತೆ ತೆರೀಬೇಕು. ಮನೆ ಕಳಕೊಂಡ ಊರಿನಲ್ಲಿ ಎಷ್ಟು ಬೇಗ ಶಾಲೆ ತೆರೆಯುತ್ತೋ ಅಷ್ಟು ಒಳ್ಳೇದು. ಮತ್ತೆ, ಶಾಲೆಯ ಜಿಮ್‌ನಲ್ಲಿ ಕುದುರೆ ಕಟ್ಟೋಕಾಗಲ್ಲ.

ಇನ್ನೊಂದು ಸಂಗತಿ ನನಗೆ ಕಿರಿಕಿರಿ ಮಾಡುತ್ತೆ. 2021ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಎಸ್‌ಬಿ 156 ಅನ್ನೋ ಕಾನೂನು ಮಾಡಿ ಬ್ರಾಡ್‌ಬ್ಯಾಂಡ್‌ಗೆ 600 ಕೋಟಿ ಡಾಲರ್ ಎತ್ತಿಟ್ಟಿತು. ಅದರಲ್ಲಿ 325 ಕೋಟಿ, ರಾಜ್ಯವೇ ಹೆದ್ದಾರಿಗಳ ಪಕ್ಕ ಫೈಬರ್ ಹಾಕಿ ಎಲ್ಲಾ ಕಂಪನಿಗಳಿಗೂ ತೆರೆದಿಡೋ ಜಾಲಕ್ಕೆ. ಅಂದ್ರೆ ಫೈಬರ್ ರಾಜ್ಯದ್ದು. ಚಿಕೋದ ಸಿಲ್ವರ್ ಡಾಲರ್‌ನಂಥ ಮೈದಾನಗಳೂ ರಾಜ್ಯದ್ದೇ. ಇವೆರಡರ ನಡುವಿನ ಕೊನೆಯ ದೂರಕ್ಕೆ ಮಾತ್ರ ಅನುದಾನ, ಅರ್ಜಿ, ಸ್ಪರ್ಧೆ. ಒಂದೇ ಮನೆಯ ಅಡುಗೆಮನೆಯಿಂದ ಪಡಸಾಲೆಗೆ ನೀರು ತರೋಕೆ ಟೆಂಡರ್ ಕರೆದ ಹಾಗೆ. ಅರ್ಜಿ ಹಾಕೋಕೆ ಜನ ಬೇಕು. ಎರಡು ಮೂರು ಕಾಯಂ ನೌಕರರಿರೋ ಮೇಳದಲ್ಲಿ ಮ್ಯಾನೇಜರೇ ಗೇಟಿನ ಬೀಗ ತೆಗೀತಾರೆ, ಅವರೇ ಜನರೇಟರ್‌ಗೆ ಡೀಸೆಲ್ ಹಾಕಿಸ್ತಾರೆ. ಅರ್ಜಿ ಚೆನ್ನಾಗಿ ಬರೆಯೋದು ದೊಡ್ಡ ಊರಿನ ದೊಡ್ಡ ಮೇಳ. ಸ್ಪರ್ಧೆ ಇಟ್ಟರೆ ಗೆಲ್ಲೋರು ಯಾರು ಅಂತ ಹೇಳೋಕೆ ಜ್ಯೋತಿಷ್ಯ ಬೇಡ.

ಇಷ್ಟೆಲ್ಲಾ ಆದಮೇಲೂ ವೈಫೈ ಒಂದೇ ಸಾಲಲ್ಲ. ಇದನ್ನು ನನಗೆ ಕಲಿಸಿದ್ದು ಹಳೇ ಸಹೋದ್ಯೋಗಿಯೊಬ್ಬ, ದಾವಣಗೆರೆಯವನು. 2019ರ ಅಕ್ಟೋಬರ್ ಬೆಂಕಿಯಲ್ಲಿ ಒಂದು ಆಶ್ರಯ ಕೇಂದ್ರಕ್ಕೆ ವಾರಾಂತ್ಯದಲ್ಲಿ ಸ್ವಯಂಸೇವಕನಾಗಿ ಹೋಗಿದ್ದ. ಎರಡು ಹಾಟ್‌ಸ್ಪಾಟ್, ಒಂದು ಚೀಲ ತುಂಬಾ ಚಾರ್ಜರ್, ಎಕ್ಸ್‌ಟೆನ್ಷನ್ ಬೋರ್ಡ್. ಇಂಟರ್ನೆಟ್ ಸಮಸ್ಯೆ ತಾನೇ ಬಗೆಹರಿಸ್ತೀನಿ ಅನ್ನೋ ಹುಮ್ಮಸ್ಸು. ವಾಪಸ್ ಬಂದವನು ಕಾಫಿ ಕುಡೀತಾ ಹೇಳಿದ್ದು ಬೇರೆ.

"ಲೋ, ನೆಟ್ ಸಿಕ್ಕಿದ್ರೂ ಅರ್ಧ ಕೆಲಸ ಆಗ್ಲಿಲ್ಲ ಕಣೋ. ಒಬ್ರು ಅಜ್ಜಿ ಇದ್ರು, ಎಂಬತ್ತು ದಾಟಿರ್ಬೇಕು. ಬ್ಯಾಂಕಿಗೆ ಲಾಗಿನ್ ಆಗ್ಬೇಕು. ಓಟಿಪಿ ಅವರ ಮನೆ ಲ್ಯಾಂಡ್‌ಲೈನ್‌ಗೆ ಹೋಗ್ತಾ ಇದೆ. ಆ ಮನೆಗೆ ಹೋಗೋ ರಸ್ತೆನೇ ಬಂದ್. ಪಾಸ್‌ವರ್ಡ್ ಬರೆದಿಟ್ಟ ಪುಸ್ತಕ ಅಡುಗೆಮನೆ ಡ್ರಾಯರ್‌ನಲ್ಲಿದೆ ಅಂತಾರೆ. ನಾನೇನ್ ಮಾಡ್ಲಿ?"

ಕೊನೆಗೆ ಅವನು ಮಾಡಿದ್ದು, ಅವರ ಪಕ್ಕ ಕೂತು ತನ್ನ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ಸುಮಾರು ಒಂದು ಗಂಟೆ ಹೋಲ್ಡ್ ಸಂಗೀತ ಕೇಳಿದ್ದು. ಆ ಒಂದು ಗಂಟೆಯೇ ಆವತ್ತು ತಾನು ಮಾಡಿದ ನಿಜವಾದ ಕೆಲಸ ಅಂತಾನೆ. ಹಾಟ್‌ಸ್ಪಾಟ್ ತಂದುಕೊಡೋಕೆ ಯಾರಾದರೂ ಸಿಗ್ತಾರೆ, ಪಕ್ಕ ಕೂರೋರು ಕಡಿಮೆ. ಗ್ರಂಥಾಲಯಗಳಲ್ಲಿ ಇಂಥವರು ಇದ್ದಾರೆ, ಅವರಿಗೆ ಸಂಬಳ ಇದೆ. ಮೇಳದ ಮೈದಾನದ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ಒಂದು ಟೇಬಲ್, ಎರಡು ಕುರ್ಚಿ, ಕೂರೋ ಒಬ್ಬ ಮನುಷ್ಯನ ಸಂಬಳ ಇಲ್ಲದಿದ್ದರೆ ಅದು ಮುಕ್ಕಾಲು ಯೋಜನೆ. ಪಕ್ಕದ ಊರಿನ ಗ್ರಂಥಾಲಯದ ಜೊತೆ ಮುಂಚೆಯೇ ಒಂದು ಒಪ್ಪಂದ ಮಾಡಿಕೊಂಡರೂ ಸಾಕು.

ಹಾಗಾಗಿ ಇಂಥ ಅನುದಾನದ ಸುದ್ದಿ ಬಂದಾಗೆಲ್ಲ ನಾನು ನಾಲ್ಕು ವಿಷಯ ಹುಡುಕ್ತೀನಿ. ಕೇಬಲ್ ಜೊತೆ ಕನಿಷ್ಠ ಹತ್ತು ವರ್ಷದ ಬಿಲ್‌ಗೆ ದಾರಿ ತೋರಿಸಿದ್ದಾರಾ? ಕರೆಂಟ್ ಹೋದಾಗ ಎಷ್ಟು ದಿನ ನಡೆಯುತ್ತೆ ಅಂತ ಬರೆದಿದ್ದಾರಾ? ಮೇಳದ ವಾರದಲ್ಲಿ ಜಾಲ ಹೇಗಿತ್ತು ಅಂತ ಅಳೆದು ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸಬೇಕು ಅನ್ನೋ ಷರತ್ತು ಇದೆಯಾ? ಪಕ್ಕ ಕೂರೋ ಮನುಷ್ಯ ಯಾರು? ನಾಲ್ಕಕ್ಕೂ ಉತ್ತರ ಇದ್ದರೆ ನಾನು ಖುಷಿಯಿಂದ ತೆರಿಗೆ ಕಟ್ತೀನಿ. ಬರೀ "ಇಷ್ಟು ಕೋಟಿ ಡಾಲರ್, ಇಷ್ಟು ಮೈದಾನ" ಅಂತಿದ್ದರೆ, ಕೆಲವು ವರ್ಷ ಬಿಟ್ಟು ಅದೇ ಮೈದಾನಕ್ಕೆ ಅದೇ ಹೆಸರಿನಲ್ಲಿ ಮತ್ತೆ ದುಡ್ಡು ಕೇಳ್ತಾರೆ ಅಂತ ಗೊತ್ತಾಗುತ್ತೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಕರಕೊಂಡು ಬೆಟ್ಟದ ಬುಡದ ಒಂದು ಸಣ್ಣ ಊರಿನ ಮೇಳಕ್ಕೆ ಹೋಗಿದ್ದೆ. ಅವಳಿಗೆ ಹಂದಿ ಓಟ ನೋಡಬೇಕಿತ್ತು, ನೋಡಿದ್ವಿ. ಸಂಜೆ ಏಳರ ಹೊತ್ತಿಗೆ ಕಾಲಿಡೋಕೆ ಜಾಗ ಇರಲಿಲ್ಲ. ಜೋಳದ ಅಂಗಡಿಯಲ್ಲಿ ಕಾರ್ಡ್ ಕೊಟ್ಟೆ. ಮಷೀನಿನಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಂಗಡಿಯ ಹುಡುಗಿ ಅದನ್ನು ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿ, ನಕ್ಕು, "ಈ ಹೊತ್ತಿಗೆ ದಿನಾ ಹೀಗೇ, ಕ್ಯಾಶ್ ಇದೆಯಾ?" ಅಂದಳು. ಪಕ್ಕದ ಅಂಗಡಿಯಲ್ಲೂ ಅದೇ ಮಾತು ಕೇಳಿಸ್ತಾ ಇತ್ತು. ನನ್ನ ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇತ್ತು.

ಪರ್ಸಿನ ಮೂಲೆಯಲ್ಲಿ ಹತ್ತು ಡಾಲರ್ ಸಿಕ್ಕಿತು, ಮಗಳಿಗೆ ಜೋಳವೂ ಸಿಕ್ಕಿತು. ಹಿಂದಿನ ಬೆಟ್ಟದ ಹುಲ್ಲು ಆಗಲೇ ಪೂರಾ ಒಣಗಿತ್ತು. ಆ ಸಂಜೆ ಆ ಮೈದಾನ ಒಂದು ಪರೀಕ್ಷೆಯಲ್ಲಿ ಫೇಲಾಯ್ತು, ಅದೂ ದಿನಾ ಫೇಲಾಗ್ತಿದೆಯಂತೆ. ಎಲ್ಲಾದ್ರೂ ಬರೆದಿಡ್ತೀರಾ ಅಂತ ಆ ಹುಡುಗಿಯನ್ನು ಕೇಳಿದೆ. ಯಾರಿಗೆ ಹೇಳಬೇಕು ಅಂತ ತನಗೆ ಗೊತ್ತಿಲ್ಲ ಅಂದಳು.